ಗುಜರಿಯಿಂದ ಎದ್ದ ಹದ್ದು

ವೇಗದ ದಾಖಲೆಗಳನ್ನು ನಾವು ಚಾಲಕರ ಹೆಸರಿನಲ್ಲಿ ನೆನಪಿಟ್ಟುಕೊಳ್ಳುತ್ತೇವೆ. 1997ರ ಅಕ್ಟೋಬರ್ 15ರಂದು ಅಮೆರಿಕದ ನೆವಾಡಾ ರಾಜ್ಯದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಬ್ರಿಟನ್ನಿನ ಆಂಡಿ ಗ್ರೀನ್ 'ಥ್ರಸ್ಟ್ ಎಸ್‌ಎಸ್‌ಸಿ' ಎಂಬ ಜೆಟ್ ಕಾರನ್ನು ಗಂಟೆಗೆ 1,227.985 ಕಿ.ಮೀ. ವೇಗದಲ್ಲಿ ಓಡಿಸಿದರು. ನೆಲದ ಮೇಲೆ ಶಬ್ದದ ವೇಗವನ್ನು ಮೀರಿದ ಮೊದಲ ದಾಖಲೆ ಅದು. ಆದರೆ ಇಂಥ ಕಾರುಗಳ ಬೋಲ್ಟು ಬಿಗಿದ ಕೈಗಳು ಯಾರವು ಎಂದು ನಾವು ಕೇಳುವುದು ಕಡಿಮೆ.

ಆ ದಾಖಲೆಯನ್ನು ಮುರಿಯಲೆಂದು 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಡ್ ಶ್ಯಾಡ್ಲ್ ಮತ್ತು ಕೀತ್ ಝಾಂಗಿ ಎಂಬ ಗೆಳೆಯರು ಹೊರಟರು. ಅವರ ಬಳಿ ದೊಡ್ಡ ಕಾರ್ಖಾನೆಯಾಗಲಿ, ಸರಕಾರದ ಬೆಂಬಲವಾಗಲಿ ಇರಲಿಲ್ಲ. ಮೇನ್ ರಾಜ್ಯದ ಗುಜರಿಯೊಂದರಲ್ಲಿ ಬಿದ್ದಿದ್ದ ಎಫ್-104 ಸ್ಟಾರ್‌ಫೈಟರ್ ಯುದ್ಧ ವಿಮಾನದ ಒಡಲನ್ನು ಅವರು ಕೊಂಡು ತಂದರು. ರೆಕ್ಕೆಗಳಿಲ್ಲದ ಆ 56 ಅಡಿ ಉದ್ದದ ಒಡಲಿಗೆ ಚಕ್ರಗಳನ್ನು ಜೋಡಿಸಿ 'ನಾರ್ತ್ ಅಮೆರಿಕನ್ ಈಗಲ್' ಎಂದು ಹೆಸರಿಟ್ಟರು.

ಅಮೆರಿಕ ಮತ್ತು ಕೆನಡಾದ ಸ್ವಯಂಸೇವಕರು ಇವರ ಜೊತೆ ಸೇರಿದರು. ಸಂಬಳವಿಲ್ಲದ ಈ ದುಡಿಮೆ ಎರಡು ದಶಕಗಳ ಕಾಲ ನಡೆಯಿತು. ಕೆಲಸವಂತೂ ಹಗುರವಾದದ್ದಲ್ಲ. ಅಷ್ಟು ವೇಗದಲ್ಲಿ ತಿರುಗಿದರೆ ರಬ್ಬರಿನ ಟಯರು ಚಿಂದಿಯಾಗುತ್ತದೆ. ಹಾಗಾಗಿ ಗಟ್ಟಿ ಅಲ್ಯೂಮಿನಿಯಂ ಚಕ್ರಗಳನ್ನೇ ಬಳಸಬೇಕು. ಯುದ್ಧ ವಿಮಾನಕ್ಕೆಂದು ರೂಪಿಸಿದ ಜೆ-79 ಎಂಜಿನ್ ಮರುಭೂಮಿಯ ಧೂಳಿನ ನಡುವೆ ಓಡಬೇಕು. ವಾಹನವನ್ನು ನಿಲ್ಲಿಸಲು ಪ್ಯಾರಾಚೂಟ್ ತಪ್ಪದೆ ಬಿಚ್ಚಿಕೊಳ್ಳಬೇಕು. ಕೆಲವು ನಿಮಿಷಗಳ ಓಟಕ್ಕೆ ತಿಂಗಳುಗಟ್ಟಲೆ ದುರಸ್ತಿ ಬೇಕಾಗುತ್ತಿತ್ತು.

ವಾಹನದಷ್ಟೇ ಮುಖ್ಯವಾದದ್ದು ನೆಲ. ಒಂದು ಸಣ್ಣ ಕಲ್ಲೂ ಆ ವೇಗದಲ್ಲಿ ಗುಂಡಿನಂತಾಗುತ್ತದೆ. 'ಬ್ಲಡ್‌ಹೌಂಡ್' ಎಂಬ ಬ್ರಿಟಿಷ್ ಕಾರಿಗಾಗಿ ದಕ್ಷಿಣ ಆಫ್ರಿಕಾದ ಹಾಕ್ಸ್‌ಕೀನ್ ಪ್ಯಾನ್‌ನಲ್ಲಿ ಸ್ಥಳೀಯ ಮಿಯರ್ ಸಮುದಾಯದ ಮುನ್ನೂರಕ್ಕೂ ಹೆಚ್ಚು ಜನ ಸುಮಾರು 16,000 ಟನ್ ಕಲ್ಲನ್ನು ಕೈಯಿಂದಲೇ ಆರಿಸಿದ್ದರು. ಆ ಕಾರು 2019ರ ನವೆಂಬರಿನಲ್ಲಿ ಗಂಟೆಗೆ ಸಾವಿರ ಕಿ.ಮೀ. ದಾಟಿದಾಗ ಪತ್ರಿಕೆಗಳಲ್ಲಿ ಎಷ್ಟು ಮಂದಿ ಕಲ್ಲು ಆರಿಸಿದವರ ಹೆಸರು ಓದಿದರು?

2013ರಲ್ಲಿ ಈಗಲ್ ತಂಡಕ್ಕೆ ಜೆಸ್ಸಿ ಕೋಂಬ್ಸ್ ಚಾಲಕಿಯಾಗಿ ಬಂದರು. ಟೆಲಿವಿಷನ್‌ನಲ್ಲಿ ಹೆಸರು ಮಾಡಿದ್ದ ಆಕೆ ಸ್ವತಃ ವೆಲ್ಡಿಂಗ್ ಬಲ್ಲ, ಲೋಹದ ಕೆಲಸದಲ್ಲಿ ಪಳಗಿದ ಕುಶಲಕರ್ಮಿ. ಅದೇ ವರ್ಷ ಒರೆಗಾನ್ ರಾಜ್ಯದ ಆಲ್ವರ್ಡ್ ಮರುಭೂಮಿಯಲ್ಲಿ ಗಂಟೆಗೆ ಸುಮಾರು 642 ಕಿ.ಮೀ. ಸರಾಸರಿ ವೇಗ ಸಾಧಿಸಿದರು. ಮುಂದಿನ ಗುರಿ, ಕಿವುಡುತನವನ್ನು ಲೆಕ್ಕಿಸದೆ ಕಿಟ್ಟಿ ಓ'ನೀಲ್ 1976ರಲ್ಲಿ ಅದೇ ಮರುಭೂಮಿಯಲ್ಲಿ ಸ್ಥಾಪಿಸಿದ್ದ 825 ಕಿ.ಮೀ. ವೇಗದ ಮಹಿಳಾ ದಾಖಲೆ.

2018ರಲ್ಲಿ ಶ್ಯಾಡ್ಲ್ ತೀರಿಕೊಂಡರು. ತಂಡ ಕೆಲಸ ನಿಲ್ಲಿಸಲಿಲ್ಲ. 2019ರ ಆಗಸ್ಟ್ 27ರಂದು ಈಗಲ್ ಗಂಟೆಗೆ 841.338 ಕಿ.ಮೀ. ವೇಗ ಮುಟ್ಟಿತು. ಆದರೆ ಅಂದೇ ಮುಂಚಕ್ರದ ಜೋಡಣೆ ಕುಸಿದು ವಾಹನ ನಾಶವಾಯಿತು; 39ರ ಹರೆಯದ ಜೆಸ್ಸಿ ಮೃತಪಟ್ಟರು. ನೆಲದ ಮೇಲಿದ್ದ ಯಾವುದೋ ವಸ್ತುವಿಗೆ ಚಕ್ರ ಬಡಿದಿರುವ ಸಾಧ್ಯತೆಯೇ ಹೆಚ್ಚು ಎಂದು ತನಿಖೆ ಹೇಳಿತು. 2020ರ ಜೂನ್‌ನಲ್ಲಿ ಗಿನ್ನೆಸ್ ಸಂಸ್ಥೆ ದಾಖಲೆಯನ್ನು ಅವರ ಹೆಸರಿಗೆ ಬರೆಯಿತು.

ಇದನ್ನು ದುಸ್ಸಾಹಸವೆಂದು ತಳ್ಳಿಹಾಕುವುದು ಸುಲಭ, ವೀರಗಾಥೆಯೆಂದು ಹಾಡುವುದೂ ಸುಲಭ. ನಮಗೆ ಮುಖ್ಯವೆನಿಸುವುದು ಬೇರೆ. ಸ್ವಯಂಸೇವೆ ಎಂದರೆ ಬಿಡುವಿನ ವೇಳೆಯ ಹವ್ಯಾಸ, ಆದಷ್ಟು ಮಾಡಿದರಾಯಿತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಇನ್ನೊಬ್ಬರ ಜೀವ ನಮ್ಮ ಕೈಯಲ್ಲಿರುವಾಗ ಸೇವೆಗೆ ಸಂಬಳ ಇಲ್ಲದಿರಬಹುದು, ಹೊಣೆಗೆ ರಿಯಾಯಿತಿ ಇಲ್ಲ. ಆ ಹೊಣೆಯನ್ನು ಎರಡು ದಶಕ ಹೊತ್ತವರಿಗೂ ಕೊನೆಗೆ ನೆಲ ಕೈಕೊಡಬಹುದು. ದಾಖಲೆಯ ಪುಸ್ತಕದಲ್ಲಿ ಒಂದೇ ಹೆಸರಿಗೆ ಜಾಗವಿದೆ. ಇತಿಹಾಸ ಬರೆಯುವವರಿಗಾದರೂ ಉಳಿದವರ ನೆನಪಿರಬೇಕು.