ಕಪಿಲೆ ಬಾವಿಯಿಂದ ಪೀಣ್ಯದವರೆಗೆ

ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಯ ಎರಡನೇ ಹಂತದ ಪರೀಕ್ಷೆಯಲ್ಲಿ ಸನ್ನೆ ಮತ್ತು ಸರಳ ಯಂತ್ರಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ನಮ್ಮೂರಿನ ಹುಡುಗರು ಅವನ್ನು ಗೈಡುಗಳಿಂದ ಬಾಯಿಪಾಠ ಮಾಡುತ್ತಿದ್ದಾರೆ. ಆದರೆ ಆ ಯಂತ್ರಗಳು ಒಂದು ಕಾಲಕ್ಕೆ ನಮ್ಮ ಹೊಲಗಳಲ್ಲೇ ಇದ್ದವು. ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಅದನ್ನೇ ಬರೆಯೋಣ ಅನ್ನಿಸಿತು.

1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಏತ ಮತ್ತು ಕಪಿಲೆ ಎರಡನ್ನೂ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಏತವೆಂದರೆ ಸನ್ನೆ. ನಡುವೆ ಕಂಬದ ಆಧಾರ, ಒಂದು ತುದಿಗೆ ಬಕೆಟ್ಟು, ಇನ್ನೊಂದು ತುದಿಗೆ ಕಲ್ಲಿನ ಭಾರ. ಕಲ್ಲು ಕಟ್ಟಿದ ತೋಳು ಬಕೆಟ್ಟಿನ ತೋಳಿನ ಅರ್ಧದಷ್ಟಿದ್ದು, ಕಲ್ಲು 30 ಕೆ.ಜಿ. ಇದ್ದರೆ ಅದು ಬಕೆಟ್ಟಿನ ತುದಿಯಲ್ಲಿ 15 ಕೆ.ಜಿ.ಯನ್ನು ತೂಗುತ್ತದೆ. ಹಾಗಾಗಿ ನೀರು ತುಂಬಿದ 20 ಕೆ.ಜಿ. ಬಕೆಟ್ಟನ್ನು ಎತ್ತುವವನಿಗೆ ಉಳಿಯುವುದು 5 ಕೆ.ಜಿ. ಮಾತ್ರ. ಇದೇನೂ ಪುಕ್ಕಟೆಯಲ್ಲ. ಖಾಲಿ ಬಕೆಟ್ಟನ್ನು ಬಾವಿಗಿಳಿಸುವಾಗ ಕಲ್ಲನ್ನು ಮೇಲೆತ್ತಬೇಕು. ಆದರೆ ಕೆಳಕ್ಕೆ ಎಳೆಯುವಾಗ ಮೈಭಾರ ಹಾಕಬಹುದು; ಬೆನ್ನಿಗೆ ಅದೇ ದೊಡ್ಡ ಲಾಭ.

ಕಪಿಲೆಯ ಲೆಕ್ಕ ನನಗೆ ತಡವಾಗಿ ತಿಳಿಯಿತು. ಬಿ.ಇ. ಮುಗಿಸುವ ವರ್ಷ ಒಂದು ಕಂಪನಿಯ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂತು: ತೊಲೆಗೆ ಬಿಗಿದ ಒಂದೇ ರಾಟೆಯಿಂದ 100 ಕೆ.ಜಿ. ಎತ್ತಲು ಎಷ್ಟು ಬಲ ಬೇಕು? ನಾನು 50 ಎಂದು ಗುರುತು ಹಾಕಿ ಬಂದೆ. ಸಂಜೆ ತಾತನಿಗೆ ಹೇಳಿದರೆ ನಕ್ಕುಬಿಟ್ಟರು. "ರಾಟೆ ಭಾರ ಕಮ್ಮಿ ಮಾಡಲ್ಲ ಕಣೋ, ದಿಕ್ಕು ಬದಲಾಯಿಸುತ್ತೆ ಅಷ್ಟೆ. ಇಲ್ದಿದ್ರೆ ಎತ್ತಿಗೆ ಇಳಿಜಾರು ಯಾಕೆ ಮಾಡ್ತಿದ್ವಿ?"

ಅವರು ಹೇಳಿದ್ದು ಸರಿಯೇ. ಕಪಿಲೆಯಲ್ಲಿ ಜೋಡೆತ್ತು ಬಾವಿಯಿಂದ ಆಚೆಗೆ ಇಳಿಜಾರಿನಲ್ಲಿ ನಡೆಯುತ್ತಿದ್ದವು. ಹಗ್ಗ ರಾಟೆಯ ಮೇಲೆ ಹಾದು ಚರ್ಮದ ಚೀಲವನ್ನು ಮೇಲೆಳೆಯುತ್ತಿತ್ತು. ಇಳಿಯುವ ಎತ್ತುಗಳ ಮೈತೂಕದ ಒಂದು ಪಾಲು ಎಳೆತಕ್ಕೆ ಸೇರುತ್ತಿತ್ತು. ಚೀಲ ಖಾಲಿಯಾದ ಮೇಲೆ ಅವು ಏರು ಹತ್ತಿ ಹಿಂದಿರುಗಬೇಕು, ಆದರೆ ಆಗ ನೀರಿನ ಹೊರೆ ಇರುವುದಿಲ್ಲ. ರಾಟೆ ನಿಜಕ್ಕೂ ಭಾರವನ್ನು ಅರ್ಧ ಮಾಡಬೇಕಾದರೆ ಅದು ಹೊರೆಯ ಜೊತೆಗೇ ಮೇಲೇಳುವಂತಿರಬೇಕು, ಹೊರೆ ಹಗ್ಗದ ಎರಡು ಎಳೆಗಳ ಮೇಲೆ ತೂಗಬೇಕು. ಆಗಲೂ ಒಂದು ಅಡಿ ಎತ್ತಲು ಎರಡು ಅಡಿ ಹಗ್ಗ ಎಳೆಯಬೇಕು. ಕಾಲೇಜಿನಲ್ಲಿ ಸೂತ್ರ ಬರೆದಿದ್ದೆ, ಹಗ್ಗ ಹಿಡಿದಿರಲಿಲ್ಲ.

ಪಂಪ್‌ಸೆಟ್ಟು ಬಂದು ಕಪಿಲೆ ನಿಂತಿತು, ಬೋರ್‌ವೆಲ್ಲು ಬಂದು ಬಾವಿ ಬತ್ತಿತು. ಅಷ್ಟರಲ್ಲಿ ಪಕ್ಕದ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಆರಂಭವಾದ ಎಚ್.ಎಂ.ಟಿ. ಲೇತುಗಳನ್ನು ಮಾಡುತ್ತಿತ್ತು. 1961ರ ಅಪ್ರೆಂಟಿಸ್ ಕಾಯ್ದೆಯ ನಂತರ ಕಾರ್ಖಾನೆಗಳಲ್ಲಿ ಕೆಲಸ ಕಲಿಸುವುದು ಕಾನೂನಿನ ಚೌಕಟ್ಟಿಗೆ ಬಂತು. 70ರ ದಶಕದಲ್ಲಿ ಪೀಣ್ಯ ಬೆಳೆಯತೊಡಗಿತು. ನಮ್ಮ ಶಾಲೆಗೂ ಹೆಚ್ಚುಕಡಿಮೆ ಅದೇ ವಯಸ್ಸು. ಹೊಲ ಕೊಟ್ಟ ಮನೆಗಳ ಮಕ್ಕಳು ಶೆಡ್ಡುಗಳ ಬಾಗಿಲಲ್ಲಿ ಕೆಲಸ ಕೇಳಿಕೊಂಡು ನಿಂತರು. ಅವರಲ್ಲಿ ಟರ್ನರ್, ಫಿಟ್ಟರ್ ಆದವರು ನಮ್ಮ ಶಾಲೆಯವರೇ ಅನೇಕರಿದ್ದಾರೆ. ಹೊಲ ಕೊಟ್ಟದ್ದಕ್ಕೆ ಅದು ಸಮನಾದ ಬದಲಾಯಿತೇ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲೇ ಆ ವಿಷಯದಲ್ಲಿ ಒಮ್ಮತವಿಲ್ಲ.

ಒಂದು ಮಾತು ಮಾತ್ರ ಖಚಿತ. ಲೇತಿನ ಮುಂದೆ ನಿಂತ ಆ ಹುಡುಗರಿಗೆ ಹಲ್ಲುಚಕ್ರ ಹೊಸದಾಗಿರಲಿಲ್ಲ. ಕಬ್ಬಿನ ಗಾಣದಲ್ಲಿ ಕಚ್ಚಿಕೊಂಡ ಎರಡು ಚಕ್ರಗಳು ಎದುರುಬದುರು ತಿರುಗುವುದನ್ನು ಅವರು ಆಲೆಮನೆಯಲ್ಲಿ ನೋಡಿದ್ದರು. 20 ಹಲ್ಲಿನ ಚಕ್ರ 40 ಹಲ್ಲಿನದನ್ನು ತಿರುಗಿಸಿದರೆ ವೇಗ ಅರ್ಧವಾಗುತ್ತದೆ. ನಡುವೆ ಮೂರನೆಯದನ್ನು ಇಟ್ಟರೆ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ, ವೇಗ ಹಾಗೇ ಇರುತ್ತದೆ. ಈಗಿನ ಪರೀಕ್ಷೆಗಳಲ್ಲಿ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ.

ತಾತನ ಕಪಿಲೆಯ ಮರದ ರಾಟೆ ನಮ್ಮ ಮನೆಯ ಅಟ್ಟದಲ್ಲಿದೆ. ಅಂಚು ಸ್ವಲ್ಪ ಒಡೆದಿದೆ, ಅಚ್ಚು ಗಟ್ಟಿಯಾಗಿದೆ. ಮುಖ್ಯೋಪಾಧ್ಯಾಯರು ಒಪ್ಪಿದರೆ ಸಮಾರಂಭದ ದಿನವೇ ಅದನ್ನು ವಿಜ್ಞಾನದ ಕೊಠಡಿಗೆ ತಂದು ತೂಗುಹಾಕಿ, ಹಗ್ಗವನ್ನೂ ಕಟ್ಟಿಕೊಡುತ್ತೇನೆ.