ಮಂತ್ರಿ ಮಾಜಿ ಆದ, ಜೋಕು ಮಾತ್ರ ಹಾಲಿ!

ಸರಕಾರಗಳು ಬೀಳುತ್ತವೆ, ಮಂತ್ರಿಗಳು ಮಾಜಿಗಳಾಗುತ್ತಾರೆ, ಅವರ ಹೆಸರೂ ನಮಗೆ ಮರೆತುಹೋಗುತ್ತೆ. ಆದರೆ ಅವರನ್ನು ಗೇಲಿ ಮಾಡಿದ ಟಿವಿ ಹಾಸ್ಯವನ್ನು ಮೂವತ್ತು ವರ್ಷ ಬಿಟ್ಟು ನೋಡಿದರೂ ನಗು ಬರುತ್ತೆ. ಯಾಕೆ ಹೀಗೆ? ಸ್ವಲ್ಪ ಹಳೇ ಕತೆ ಕೆದಕೋಣ ಬನ್ನಿ.

ಟಿವಿ ಬರುವ ಮೊದಲೇ ಈ ಕೆಲಸವನ್ನು ನಮ್ಮ ಕಂಪನಿ ನಾಟಕಗಳು ಮಾಡುತ್ತಿದ್ದವು. ಮಾಸ್ಟರ್ ಹಿರಣ್ಣಯ್ಯ (1934-2019) ಅಂದ ಕೂಡಲೇ 'ಲಂಚಾವತಾರ' ನೆನಪಾಗುತ್ತೆ ಅಲ್ವಾ? 'ನಡುಬೀದಿ ನಾರಾಯಣ', 'ಭ್ರಷ್ಟಾಚಾರ', 'ಮಕ್ಮಲ್ ಟೋಪಿ'... ಹೆಸರು ಕೇಳಿದರೇ ಸಾಕು. ಅವರ ಶಕ್ತಿ ಇದ್ದದ್ದು ಬರೆದಿಟ್ಟ ಮಾತಿನಲ್ಲಿ ಮಾತ್ರ ಅಲ್ಲ. ಬೆಳಗಿನ ಪೇಪರಿನ ಸುದ್ದಿ ಸಂಜೆ ಅವರ ಬಾಯಲ್ಲಿ ಡೈಲಾಗ್ ಆಗಿ ಬರುತ್ತಿತ್ತು. ಎದುರಿನ ಸಾಲಿನಲ್ಲಿ ರಾಜಕಾರಣಿ ಕೂತಿದ್ದರೆ ಇನ್ನೂ ಜೋರು!

ಇನ್ನೊಂದು 'ಮುಖ್ಯಮಂತ್ರಿ'. 1980ರಲ್ಲಿ ಕಲಾಗಂಗೋತ್ರಿ ತಂಡ ರಂಗಕ್ಕೆ ತಂದ ನಾಟಕ. ಟಿ.ಎಸ್. ಲೋಹಿತಾಶ್ವ ಕನ್ನಡಕ್ಕೆ ತಂದಿದ್ದು, ಬಿ.ವಿ. ರಾಜಾರಾಂ ನಿರ್ದೇಶನ. ಕುರ್ಚಿ ಉಳಿಸಿಕೊಳ್ಳಲು ಒದ್ದಾಡುವ ಮುಖ್ಯಮಂತ್ರಿಯ ಪಾತ್ರ ಮಾಡಿದ ಚಂದ್ರು ಅವರ ಹೆಸರಿನ ಮುಂದೆ ಆ ಪದವೇ ಅಂಟಿಕೊಂಡಿತು. 1985ರಲ್ಲಿ ಗೌರಿಬಿದನೂರಿನಿಂದ ಅವರು ನಿಜವಾಗಿಯೂ ಶಾಸಕರಾದರು. ನಾಟಕ ಆಮೇಲೂ ದಶಕಗಳ ಕಾಲ ನಡೆಯಿತು. ವಿಧಾನಸೌಧದಲ್ಲಿ ಎಷ್ಟೋ ಮುಖ್ಯಮಂತ್ರಿಗಳು ಬಂದು ಹೋದರು, ರಂಗದ ಮೇಲೆ ಒಬ್ಬರೇ!

ಟಿವಿಗೆ ಈ ಸ್ವಾತಂತ್ರ್ಯ ಸುಲಭವಾಗಿ ಸಿಗಲಿಲ್ಲ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ದೂರದರ್ಶನ ಸರಕಾರದ್ದೇ ಇಲಾಖೆ. ಪ್ರಸಾರ ಭಾರತಿ ಕೈಗೆ ಹೋದದ್ದು 1997ರಲ್ಲಿ. ಮನೆ ಯಜಮಾನನ ಜಗಲಿಯಲ್ಲೇ ಕೂತು ಅವನನ್ನು ಆಡಿಕೊಳ್ಳುವುದು ಹೇಗೆ? ಅದಕ್ಕೂ ಕೆಲವೇ ವರ್ಷ ಹಿಂದೆ, ತುರ್ತುಪರಿಸ್ಥಿತಿಯಲ್ಲಿ, ಅಮೃತ್ ನಹಾಟಾ ಅವರ 'ಕಿಸ್ಸಾ ಕುರ್ಸಿ ಕಾ' ಸಿನಿಮಾದ ಪ್ರತಿಗಳನ್ನೇ ಸುಟ್ಟುಹಾಕಿದ್ದರು. ನಗುವಿಗೆ ಅಧಿಕಾರ ಎಷ್ಟು ಹೆದರುತ್ತೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಆದ್ದರಿಂದ ವಿಡಂಬನೆ ಹಿಂಬಾಗಿಲಿನಿಂದ ಬಂತು. 1988ರಲ್ಲಿ 'ಕಕ್ಕಾಜಿ ಕಹಿನ್', ಮನೋಹರ ಶ್ಯಾಮ ಜೋಶಿ ಬರವಣಿಗೆ, ಪಾನ್ ಜಗಿಯುತ್ತಾ ರಾಜಕೀಯ ದಲ್ಲಾಳಿತನ ಮಾಡುವ ಓಂ ಪುರಿ. 1989ರಲ್ಲಿ ಜಸ್ಪಾಲ್ ಭಟ್ಟಿಯವರ 'ಫ್ಲಾಪ್ ಶೋ'. ಬರೀ ಹತ್ತು ಕಂತು ಕಣ್ರೀ! ಮೀಟಿಂಗು, ಟೆಲಿಫೋನು, ಕಂಟ್ರಾಕ್ಟರು... ಪ್ರತಿ ಕಂತಿನ ಶುರುವಿನಲ್ಲಿ ಅಂಥವರಿಗೇ ಅರ್ಪಣೆ! ಯಾವ ಪಕ್ಷದ ಹೆಸರೂ ಇಲ್ಲ, ಯಾವ ಮಂತ್ರಿಯ ಹೆಸರೂ ಇಲ್ಲ. ಅದಕ್ಕೇ ಅದು ಉಳಿಯಿತು. ಟೆಲಿಫೋನ್ ಕನೆಕ್ಷನ್ನಿಗೆ ಕಾಯುವ ಕಾಲ ಹೋಯಿತು, ಕಾಯಿಸುವ ಕಚೇರಿ ಹೋಗಿಲ್ಲ.

ಇಂಗ್ಲೆಂಡಿನ 'ಯೆಸ್ ಮಿನಿಸ್ಟರ್' (ಬಿಬಿಸಿ, 1980) ಕೂಡ ಇದೇ ಗುಟ್ಟಿನ ಮೇಲೆ ನಿಂತದ್ದು. ಮಂತ್ರಿ ಜಿಮ್ ಹ್ಯಾಕರ್ ಯಾವ ಪಕ್ಷದವನೆಂದು ಎಲ್ಲೂ ಹೇಳುವುದಿಲ್ಲ. ಅವನನ್ನು ಆಟ ಆಡಿಸುವ ಕಾರ್ಯದರ್ಶಿ ಸರ್ ಹಂಫ್ರಿ ಮಾತ್ರ ಎಲ್ಲ ದೇಶದಲ್ಲೂ ಇದ್ದಾನೆ. ಪ್ರಧಾನಿ ಥ್ಯಾಚರ್ ಅವರಿಗೇ ಅದು ಅಚ್ಚುಮೆಚ್ಚು. 2001ರಲ್ಲಿ ಫಾರೂಕ್ ಶೇಖ್ ಅಭಿನಯದಲ್ಲಿ ಹಿಂದಿಯಲ್ಲಿ 'ಜೀ ಮಂತ್ರೀಜಿ' ಆಯಿತು.

ನಮ್ಮ ಕಡೆಯವರಿಗೆ ಹಂಫ್ರಿಯನ್ನು ಪರಿಚಯಿಸಬೇಕಾಗಿಯೇ ಇಲ್ಲ. ಮೌಳಂಗಿ ಇರುವುದು ದಾಂಡೇಲಿ ಪಕ್ಕ, ಕಾಳಿ ನದಿಯ ದಂಡೆಯಲ್ಲಿ. ಇದೇ ನದಿಗೆ ಮೇಲುಗಡೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ಮುಳುಗಿತು. ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ನಿರಾಶ್ರಿತರಿಗಾಗಿ ರಾಮನಗರ ಎದ್ದಿತು. ಮನೆ ಮುಳುಗಿದವನು ಪರಿಹಾರದ ಕಾಗದ ಹಿಡಿದು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುವುದು ಅಂದರೆ ಏನೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಂಥವನಿಗೆ 'ಕಡತ ಮುಂದಿನ ಟೇಬಲ್ಲಿಗೆ ಹೋಗಿದೆ' ಅನ್ನುವ ಜೋಕು ಬರೀ ಜೋಕಲ್ಲ, ಅವನ ಜಾತಕ. ನಾಯಿ ಹೆಸರೇಳಿದರೆ ಬಾಲ ಅಲ್ಲಾಡುವ ಹಾಗೆ, ಯಾರ ಹೆಸರೂ ಹೇಳದೆಯೇ ಅವನಿಗೆ ಅದು ಯಾರೆಂದು ಗೊತ್ತಾಗುತ್ತೆ.

ಖಾಸಗಿ ಚಾನೆಲ್ಲುಗಳು ಬಂದ ಮೇಲೆ (ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ) ನಮ್ಮ ಹಾಸ್ಯ ಧಾರಾವಾಹಿಗಳು ಹೆಚ್ಚಾಗಿ ಮನೆಯೊಳಗೇ ಉಳಿದವು. ಗಂಡ-ಹೆಂಡತಿ ಜಗಳ, ಮಾವನ ಕಾಟ, ಇಷ್ಟೇ. ಆದರೂ ರಾಜಕೀಯ ಸಂದಿಯಿಂದ ಇಣುಕಿತು. ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ' ನೆನಪಿಸಿಕೊಳ್ಳಿ. ಮಂಜುಭಾಷಿಣಿಯವರ ಸಮಾಜ ಸೇವಕಿ ಲಲಿತಾಂಬ! ಸೇವೆಗಿಂತ 'ಸೇವಕಿ' ಎಂಬ ಬಿರುದೇ ದೊಡ್ಡದು. ಅಂಥ ಲಲಿತಾಂಬ, ಲಲಿತಪ್ಪ ಇಲ್ಲದ ಊರಿದೆಯಾ? ಪಂಚಾಯ್ತಿ ಎಲೆಕ್ಷನ್ ಬಂದಾಗ ಯಾವ ಓಣಿಯಲ್ಲಾದರೂ ನೋಡಿ.

ಈಗಿನ ಕಾಮಿಡಿ ಶೋಗಳಲ್ಲಿ ರಾಜಕಾರಣಿಗಳ ಮಿಮಿಕ್ರಿ ಬೇಕಾದಷ್ಟು. ನಗು ಬರುತ್ತೆ, ಸುಳ್ಳಲ್ಲ. ಆದರೆ ಧ್ವನಿ, ನಡಿಗೆ, ನಿದ್ದೆ ಇವನ್ನಷ್ಟೇ ಅಣಕಿಸಿದರೆ ಆ ಮನುಷ್ಯ ಕುರ್ಚಿ ಬಿಟ್ಟ ದಿನ ಆ ಹಾಸ್ಯವೂ ನಿವೃತ್ತಿ. ಅಷ್ಟೇ ಅಲ್ಲ, ಅಣಕಿಸಿಕೊಂಡವರೇ ವೇದಿಕೆಗೆ ಬಂದು ಚಪ್ಪಾಳೆ ತಟ್ಟಿ ಹೋಗುತ್ತಾರೆ. ಲಂಚ, ಕಡತ, ಕಂಟ್ರಾಕ್ಟು ಹಾಗೇ ಉಳಿಯುತ್ತವೆ.

ಕೆಲವರು ಕೇಳುತ್ತಾರೆ, "ನಕ್ಕು ಏನು ಉಪಯೋಗ? ಸಿಟ್ಟು ಇಳಿದುಹೋಗುತ್ತೆ ಅಷ್ಟೇ." ಈ ಮಾತಿನಲ್ಲಿ ಅರ್ಧ ಸತ್ಯ ಇದೆ. 'ಲಂಚಾವತಾರ' ಸಾವಿರಾರು ಪ್ರದರ್ಶನ ಕಂಡರೂ ಲಂಚ ನಿಲ್ಲಲಿಲ್ಲ. ಆದರೆ ಇನ್ನರ್ಧ ನೋಡಿ. ಕಚೇರಿಯ ಟೇಬಲ್ಲಿನ ಮುಂದೆ ಕೈಕಟ್ಟಿ ನಿಂತವನು 'ಇದು ನನ್ನ ಹಣೆಬರಹ' ಅಂದುಕೊಳ್ಳುತ್ತಾನೆ. ಅದೇ ದೃಶ್ಯವನ್ನು ಟಿವಿಯಲ್ಲಿ ನೋಡಿ ಇಡೀ ಊರು ನಕ್ಕಾಗ ಅವನಿಗೆ ತಿಳಿಯುತ್ತೆ, ಇದು ಹಣೆಬರಹ ಅಲ್ಲ, ಯಾರೋ ಮಾಡುತ್ತಿರುವ ಆಟ ಅಂತ. ಹಣೆಬರಹದ ವಿರುದ್ಧ ಅರ್ಜಿ ಹಾಕೋಕಾಗಲ್ಲ, ಆಟದ ವಿರುದ್ಧ ಹಾಕಬಹುದು.

ಹಾಗಾಗಿ ನನಗೆ ಕನ್ನಡ ಟಿವಿಯಲ್ಲಿ ಇನ್ನಷ್ಟು ಮಿಮಿಕ್ರಿ ಬೇಡ. ಒಂದು ತಾಲೂಕು ಕಚೇರಿ, ಒಬ್ಬ ಗುಮಾಸ್ತ, ಒಬ್ಬ ಶಾಸಕ, ಒಬ್ಬ ಮುಳುಗಡೆಯ ರೈತ... ಇಷ್ಟು ಇಟ್ಟುಕೊಂಡು ಹತ್ತೇ ಕಂತು ಯಾರಾದರೂ ಮಾಡಲಿ. ಇನ್ನೂ ಮೂವತ್ತು ವರ್ಷ ಓಡುತ್ತೆ. ಏನಂತೀರಿ?