ನಗುವ ಹಕ್ಕು ಯಾರದು? ಕತಾರ್‌ನ ಬಾವುಟದ ದಿನಗಳು, ಹಾಸ್ಯ ಮತ್ತು ದೇಶನಿಷ್ಠೆ

ದೋಹಾದಲ್ಲಿ ಸಂಸಾರ ಹೂಡಿದ ಕನ್ನಡಿಗನ ವರ್ಷದಲ್ಲಿ ಬಾವುಟದ ದಿನಗಳು ನಾಲ್ಕು. ಜನವರಿ 26 ಮತ್ತು ಆಗಸ್ಟ್ 15ರಂದು ಭಾರತೀಯ ರಾಯಭಾರ ಕಚೇರಿ ಮತ್ತು ಅದರ ಆಶ್ರಯದ ಭಾರತೀಯ ಸಾಂಸ್ಕೃತಿಕ ಕೇಂದ್ರದ ಸುತ್ತ ಧ್ವಜಾರೋಹಣ. ನವೆಂಬರ್ ಹೊತ್ತಿಗೆ ಕರ್ನಾಟಕ ಸಂಘ ಕತಾರ್ ರಾಜ್ಯೋತ್ಸವದ ಸಡಗರಕ್ಕಿಳಿಯುತ್ತದೆ. ಡಿಸೆಂಬರ್ 18ರಂದು ಊರಿಗೆ ಊರೇ ಕಡುಗೆಂಪು ಮತ್ತು ಬಿಳಿಯಲ್ಲಿ ಮುಳುಗುತ್ತದೆ. ಅಂದು ಕತಾರ್‌ನ ರಾಷ್ಟ್ರೀಯ ದಿನ, ಕಾರ್ನಿಷ್ ರಸ್ತೆಯಲ್ಲಿ ಮೆರವಣಿಗೆ, ಕತ್ತಿ ಹಿಡಿದು ಕುಣಿಯುವ ಅರ್ದಾ. ಮೊದಲ ಮೂರು ದಿನಗಳನ್ನು ಕನ್ನಡದ ಹಾಸ್ಯಗಾರ ಸಲೀಸಾಗಿ ಗೇಲಿ ಮಾಡುತ್ತಾನೆ. ಹೆಚ್ಚೆಂದರೆ ಮುಂದಿನ ಸಾಲಿನ ಅತಿಥಿಗಳ ಮುಖ ಸ್ವಲ್ಪ ಬಿಗಿಯುತ್ತದೆ. ನಾಲ್ಕನೆಯ ದಿನದ ತಂಟೆಗೆ ಅವನು ಹೋಗುವುದಿಲ್ಲ.

ಭಯ ಎಂದು ಹೇಳಿ ಮುಗಿಸಬಹುದು. ಭಯಕ್ಕೆ ಕಾರಣಗಳಿಲ್ಲ ಎಂದಲ್ಲ, ಅವನ್ನು ಮುಂದೆ ನೋಡೋಣ. ಆದರೆ ಈ ಮೌನದ ಹಿಂದೆ ಇನ್ನೊಂದು ಸಂಗತಿಯೂ ಇದೆ, ರಾಷ್ಟ್ರೀಯ ಹಬ್ಬದ ಮೇಲಿನ ಕುಚೋದ್ಯ ದೇಶದ್ರೋಹವೇ ಎಂಬ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ಹಬ್ಬವನ್ನು ಗೇಲಿ ಮಾಡುವವನು ಬಹುಮಟ್ಟಿಗೆ ಆ ಹಬ್ಬದಲ್ಲಿ ತನಗೂ ಪಾಲಿದೆ ಎಂದು ನಂಬಿದವನು. ಪಾಲಿಲ್ಲದವನು ಒಂದೋ ಸುಮ್ಮನಿರುತ್ತಾನೆ, ಇಲ್ಲವೇ ಹಬ್ಬವನ್ನೇ ಧಿಕ್ಕರಿಸುತ್ತಾನೆ. ನಿವಾಸಿಗಳಲ್ಲಿ ಬಹುಪಾಲು ಜನ ಹೊರಗಿನವರೇ ಆಗಿರುವ ಕತಾರ್‌ನಲ್ಲಿ ಇದು ಬೇರೆಡೆಗಿಂತ ಢಾಳಾಗಿ ಕಾಣುತ್ತದೆ.

ಈ ಬಗೆಯ ಜಗಳಕ್ಕೆ ಇತ್ತೀಚಿನ ಪ್ರಸಿದ್ಧ ಉದಾಹರಣೆ ಅಮೆರಿಕದ್ದು. 2012ರ ಜುಲೈ 4ರಂದು ಹಾಸ್ಯನಟ ಕ್ರಿಸ್ ರಾಕ್ ಟ್ವಿಟರ್‌ನಲ್ಲಿ, ಇದು ಬಿಳಿಯರ ಸ್ವಾತಂತ್ರ್ಯ ದಿನ, ಆಗ ಗುಲಾಮರಿಗೆ ಬಿಡುಗಡೆಯೇನೂ ಸಿಕ್ಕಿರಲಿಲ್ಲ ಎಂಬ ಅರ್ಥದ ಮಾತು ಬರೆದರು. ದೇಶಪ್ರೇಮವಿಲ್ಲದವ ಎಂಬ ಬೈಗುಳದ ಮಳೆ ಸುರಿಯಿತು. ಬೈದವರು ಮರೆತದ್ದೆಂದರೆ ಆ ಮಾತಿಗೆ ಆಗಲೇ 160 ವರ್ಷ ವಯಸ್ಸಾಗಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ರಾಚೆಸ್ಟರ್ ನಗರದಲ್ಲಿ ಮಾಡಿದ ಭಾಷಣದ ತಿರುಳೂ ಅದೇ. ಇಂದು ಆ ಭಾಷಣ ಅಲ್ಲಿನ ತರಗತಿಗಳಲ್ಲಿ ಪಾಠವಾಗಿದೆ. ನಮ್ಮಲ್ಲೂ ಇದಕ್ಕೆ ಸರಿಸಾಟಿ ಇದೆ. ನಲವತ್ತೇಳರ ಸ್ವಾತಂತ್ರ್ಯವನ್ನು ಕುಟುಕಿದ ಸಿದ್ಧಲಿಂಗಯ್ಯನವರ ಕವಿತೆ ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಹಾಡಾಯಿತು. ಅದನ್ನು ಬರೆದವರು ವಿಧಾನ ಪರಿಷತ್ತಿನ ಸದಸ್ಯರಾದರು, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ತೀರಿಕೊಂಡ ಮೇಲೆ ಪದ್ಮಶ್ರೀಯನ್ನೂ ಪಡೆದರು. ಇವರು ಯಾರೂ ಹಬ್ಬ ಬೇಡ ಎಂದವರಲ್ಲ. ನಮ್ಮ ಪಾಲೆಲ್ಲಿ ಎಂದು ಕೇಳಿದವರು.

ಧಿಕ್ಕಾರ ಎಂದರೇನು ಎಂಬುದನ್ನು ನೋಡಬೇಕಾದರೆ ಬೆಳಗಾವಿಗೆ ಹೋಗಬೇಕು. ಅಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ನವೆಂಬರ್ 1ನ್ನು ಕರಾಳ ದಿನವೆಂದು ಆಚರಿಸುತ್ತ ಬಂದಿದೆ. ಕಪ್ಪು ಪಟ್ಟಿ, ಕಪ್ಪು ಬಾವುಟ, ಘೋಷಣೆ ಎಲ್ಲವೂ ಉಂಟು. ಜೋಕು ಮಾತ್ರ ಇಲ್ಲ. ಆ ದಿನ ತಮ್ಮದಲ್ಲ ಎಂದು ತೀರ್ಮಾನಿಸಿದವರಿಗೆ ಅದನ್ನು ಗೇಲಿ ಮಾಡುವ ಅಗತ್ಯವೇ ಬೀಳುವುದಿಲ್ಲ. ‘ನವೆಂಬರ್ ಕನ್ನಡಿಗರು’ ಎಂಬ ಮೂದಲಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹನ್ನೊಂದು ತಿಂಗಳು ಇಂಗ್ಲಿಷಿನಲ್ಲಿ ಬದುಕಿ ಒಂದು ತಿಂಗಳು ಹಳದಿ ಕೆಂಪು ಶಾಲು ಹೊದೆಯುವವರನ್ನು ಚುಚ್ಚುವ ಈ ಮಾತು ಹುಟ್ಟಿದ್ದು ಕನ್ನಡಾಭಿಮಾನದ ಒಳಗೇ. ಇಡೀ ವರ್ಷ ಕನ್ನಡ ಬೇಕು ಎನ್ನುವವನೇ ಒಂದು ತಿಂಗಳ ಕನ್ನಡವನ್ನು ಕಂಡು ನಗುತ್ತಾನೆ. ಬೀಚಿಯವರ ನಂತರದ ಹಾಸ್ಯ ಭಾಷಣಕಾರರಿಗೆ ಇದು ಬತ್ತದ ಸರಕು, ಗಲ್ಫ್ ದೇಶಗಳ ರಾಜ್ಯೋತ್ಸವದ ವೇದಿಕೆಗಳಲ್ಲೂ ಚೆನ್ನಾಗಿ ಓಡುವ ಸರಕು. ಗಲ್ಫಿನಲ್ಲಿ ನವೆಂಬರ್ 1 ವಾರದ ನಡುವೆ ಬಂದರೆ ಹಬ್ಬ ಶುಕ್ರವಾರಕ್ಕೆ ಜಾರುವುದರಿಂದ ಅಲ್ಲಿ ಜೋಕಿಗೆ ಇನ್ನೊಂದು ಮೊನೆಯೂ ಸಿಗುತ್ತದೆ. (ಅದೇ ನವೆಂಬರ್ 1 ಮಲಯಾಳಿಗಳಿಗೆ ಕೇರಳ ಪಿರವಿ. 1956ರ ಆ ದಿನ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗ ದೋಹಾದಲ್ಲಿ ಎರಡೂ ಕಡೆಯ ಊಟಕ್ಕೆ ಅರ್ಹ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ನಾಡಿನವರು ಈ ತಮಾಷೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಬೇರೆಯವರು ಮಾಡಿದರೆ ಅವರಿಗೆ ಹಿಡಿಸುವುದಿಲ್ಲ.)

ಇನ್ನು ಕತಾರ್‌ನ ಹಬ್ಬದ ಮಾತು. ಬ್ರಿಟಿಷ್ ರಕ್ಷಣೆಯ ಒಪ್ಪಂದ ಕೊನೆಗೊಂಡು ದೇಶ ಸ್ವತಂತ್ರವಾದದ್ದು 1971ರ ಸೆಪ್ಟೆಂಬರ್ 3ರಂದು. ಮೂರೂವರೆ ದಶಕ ಆಚರಣೆಯ ದಿನವೂ ಅದೇ ಆಗಿತ್ತು. 2007ರ ಅಮೀರಿ ಆದೇಶ ಹಬ್ಬವನ್ನು ಡಿಸೆಂಬರ್ 18ಕ್ಕೆ ತಂದಿತು. 1878ರ ಆ ದಿನ ಶೇಖ್ ಜಾಸಿಂ ಬಿನ್ ಮೊಹಮ್ಮದ್ ಅಲ್ ಥಾನಿ ತಂದೆಯ ಉತ್ತರಾಧಿಕಾರಿಯಾದರು. ದಿನ ಬದಲಾದಾಗ ಕಥೆಯೂ ಬದಲಾಯಿತು. ಬ್ರಿಟಿಷರು ಹೊರಟುಹೋದದ್ದು ಹಿಂದೆ ಸರಿದು, ಚದುರಿದ ಬುಡಕಟ್ಟುಗಳನ್ನು ಒಬ್ಬ ಸ್ಥಾಪಕ ಒಗ್ಗೂಡಿಸಿದ್ದು ಮುಂದೆ ಬಂದಿತು. ದೇಶದ ಹುಟ್ಟುಹಬ್ಬ ಆಳುವ ಮನೆತನದ ಹುಟ್ಟುಹಬ್ಬವೂ ಆಯಿತು. 2016ರಲ್ಲಿ ಅಲೆಪ್ಪೊ ನಗರದ ಜನರ ಸಂಕಟಕ್ಕೆ ಮಿಡಿದು ಅಮೀರರು ಆ ವರ್ಷದ ಆಚರಣೆಯನ್ನೇ ರದ್ದು ಮಾಡಿದರು. 2022ರಲ್ಲಿ ವಿಶ್ವಕಪ್ ಫುಟ್‌ಬಾಲ್‌ನ ಅಂತಿಮ ಪಂದ್ಯ ಲುಸೈಲ್‌ನಲ್ಲಿ ಇದೇ ದಿನ ನಡೆಯಿತು. ಹೀಗೆ ಸ್ಥಳಾಂತರಿಸಬಹುದಾದ, ರದ್ದು ಮಾಡಬಹುದಾದ, ಪಂದ್ಯಕ್ಕೆ ಜೋಡಿಸಬಹುದಾದ ದಿನ ಮನುಷ್ಯರ ನಿರ್ಣಯದಿಂದ ಆದದ್ದು. ನಿರ್ಣಯವೆಂದ ಮೇಲೆ ಅದರ ಬಗ್ಗೆ ಮಾತಾಡಬಹುದು ಎಂಬುದು ತರ್ಕ. ಆದರೆ ದಿನದ ನಡುವೆ ಅರಸುಮನೆತನ ಕೂತಿದ್ದಾಗ ಆ ತರ್ಕ ನ್ಯಾಯಾಲಯದಲ್ಲಿ ಎಷ್ಟು ದೂರ ನಡೆದೀತು?

ಇದಕ್ಕೆ ಹತ್ತಿರದ ದಾಖಲೆ ಹಾಸ್ಯಗಾರನದಲ್ಲ, ಕವಿಯದು. ಹಬ್ಬದ ಮೇಲಿನದಲ್ಲ, ಆಳ್ವಿಕೆಯ ಮೇಲಿನದು. ಮೊಹಮ್ಮದ್ ಅಲ್ ಅಜಮಿ 2011ರ ನವೆಂಬರ್‌ನಲ್ಲಿ ಬಂಧಿತರಾದರು. ಅರಬ್ ದಂಗೆಗಳನ್ನು ಮೆಚ್ಚಿ ಟುನೀಷಿಯಾದ ಮಲ್ಲಿಗೆಯ ಹೆಸರಿನಲ್ಲಿ ಹಾಡಿದ ಕವಿತೆಯೂ ಅಮೀರರನ್ನು ಟೀಕಿಸಿದ ಕವಿತೆಯೂ ಪ್ರಕರಣದ ಹಿನ್ನೆಲೆಯಲ್ಲಿದ್ದವು. 2012ರ ನವೆಂಬರ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. 2013ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು 15 ವರ್ಷಕ್ಕೆ ಇಳಿಸಿತು, ಅಕ್ಟೋಬರ್‌ನಲ್ಲಿ ಅತ್ಯುನ್ನತ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. 2016ರ ಮಾರ್ಚ್‌ನಲ್ಲಿ ಕ್ಷಮಾದಾನ ಸಿಕ್ಕಿ ಕವಿ ಹೊರಬಂದರು. ನಾಗರಿಕನಾದ ಕವಿಗೇ ಹೀಗಾದ ಮೇಲೆ ವೀಸಾದ ಮೇಲೆ ಬದುಕುವವನು ಬಾಯಿಗೆ ಬೀಗ ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ! 2020ರ ಜನವರಿಯಲ್ಲಿ ದಂಡಸಂಹಿತೆಗೆ ಸೇರಿಸಿದ ವಿಧಿಯೊಂದು, ದೇಶದ ಹಿತಕ್ಕೆ ಧಕ್ಕೆ ತರುವ ಸುಳ್ಳು ಅಥವಾ ಪಕ್ಷಪಾತದ ಸುದ್ದಿ ಹರಡಿದವರಿಗೆ ಐದು ವರ್ಷದವರೆಗೆ ಸೆರೆ ಎನ್ನುತ್ತದೆ. ವ್ಯಂಗ್ಯ ಇದರೊಳಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ ನೋಡುವ ಧೈರ್ಯ ಯಾವ ಸಂಘದ ಕಾರ್ಯದರ್ಶಿಗೂ ಇರಲಾರದು, ಇರಬೇಕೆಂದು ಇಲ್ಲಿ ಕೂತು ಹೇಳುವುದೂ ಸರಿಯಲ್ಲ.

ಹಾಗೆಂದು ಕತಾರ್‌ನಲ್ಲಿ ನಗುವೇ ಇಲ್ಲವೆಂದು ತಿಳಿಯಬಾರದು. ನಟ, ನಾಟಕಕಾರ ಗಾನಿಮ್ ಅಲ್ ಸುಲೈತಿ ದಶಕಗಳಿಂದ ತಮ್ಮವರನ್ನೇ ಗೇಲಿ ಮಾಡುತ್ತ ಬಂದವರು. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹ್ರೇನ್ ಮತ್ತು ಈಜಿಪ್ಟ್ ಕತಾರ್‌ನ ಸಂಬಂಧ ಕಡಿದುಕೊಂಡು ದಿಗ್ಬಂಧನ ಹೇರಿದಾಗ ಅದೇ ವ್ಯಂಗ್ಯದ ಮುಖ ಹೊರಕ್ಕೆ ತಿರುಗಿತು. ದಿಗ್ಬಂಧನ ಹೇರಿದವರನ್ನು ಅಣಕಿಸಿದ ಅವರ ಕಿರುರೂಪಕಗಳನ್ನೂ ಹಾಡುಗಳನ್ನೂ ಜನ ಮೊಬೈಲಿನಿಂದ ಮೊಬೈಲಿಗೆ ಹಂಚಿದರು. ದಿಗ್ಬಂಧನ ಹೇರಿದ ವಾರವೇ ಯುಎಇಯ ಅಟಾರ್ನಿ ಜನರಲ್, ಕತಾರ್ ಬಗ್ಗೆ ಸಹಾನುಭೂತಿ ತೋರಿಸಿದವರಿಗೆ ಮೂರರಿಂದ ಹದಿನೈದು ವರ್ಷ ಸೆರೆ ಎಂದು ಸಾರಿದ್ದರು. ಅಂದರೆ ಅಣ್ಣ ದುಬೈಯಲ್ಲಿ, ತಮ್ಮ ದೋಹಾದಲ್ಲಿ ದುಡಿಯುವ ಉಡುಪಿಯ ಮನೆಯೊಂದರಲ್ಲಿ ವಾಟ್ಸ್ಯಾಪಿಗೆ ಬಂದ ಒಂದೇ ಜೋಕು ತಮ್ಮನ ಊರಿನಲ್ಲಿ ದೇಶಪ್ರೇಮ, ಅಣ್ಣನ ಊರಿನಲ್ಲಿ ಅಪರಾಧ. ಜೋಕಿನ ಒಂದಕ್ಷರವೂ ಬದಲಾಗಿಲ್ಲ. ದೇಶನಿಷ್ಠೆಯನ್ನು ಮಾತಿನೊಳಗೆ ಹುಡುಕುವ ವಿಧಾನ ಸೋಲುವುದು ಇಲ್ಲಿಯೇ. ಅದು ಇರುವುದು ಆಡಿದವನು, ಕೇಳಿದವರು, ಗೇಲಿಗೊಳಗಾದವರು ಈ ಮೂವರ ನಡುವಿನ ಸಂಬಂಧದಲ್ಲಿ.

ಇದನ್ನು ಒಪ್ಪಿದರೆ ಹೊರಗಿನವನ ಗೇಲಿಯನ್ನು ಬೇರೆಯಾಗಿ ತೂಗಬೇಕಾಗುತ್ತದೆ. 2022ರ ವಿಶ್ವಕಪ್ಪಿನ ಆರಂಭದ ದಿನ ಬ್ರಿಟನ್ನಿನ ಹಾಸ್ಯಗಾರ ಜೋ ಲೈಸೆಟ್, ಕತಾರ್‌ನ ಪ್ರಚಾರ ರಾಯಭಾರಿಯಾಗಿದ್ದ ಫುಟ್‌ಬಾಲ್ ತಾರೆ ಡೇವಿಡ್ ಬೆಕ್‌ಹ್ಯಾಮ್ ಅವರನ್ನು ಮುಜುಗರಕ್ಕೀಡುಮಾಡಲು ಹತ್ತು ಸಾವಿರ ಪೌಂಡಿನ ನೋಟುಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿದಂತೆ ತೋರಿಸಿದರು. ನೋಟುಗಳು ನಕಲಿ ಎಂದು ಮರುದಿನ ತಿಳಿಯಿತು. ಇದು ಕತಾರ್‌ಗೆ ದ್ರೋಹವಾಗಲಾರದು, ಏಕೆಂದರೆ ಲೈಸೆಟ್ ಕತಾರ್‌ಗೆ ಯಾವ ನಿಷ್ಠೆಯ ಸಾಲವನ್ನೂ ಹೊತ್ತಿರಲಿಲ್ಲ. ದೋಹಾದ ಕನ್ನಡಿಗನ ಸ್ಥಿತಿ ಸುಲೈತಿಯಂಥ ಒಳಗಿನವನ ಮತ್ತು ಲೈಸೆಟ್‌ನಂಥ ಹೊರಗಿನವನ ನಡುವಿನದು. ಆ ನೆಲದ ಅನ್ನ ಅವನ ಮೈಯಲ್ಲಿದೆ, ಮತದ ಹಕ್ಕು ಅವನದಲ್ಲ. ಅವನ ಮೌನದಲ್ಲಿ ಕಾನೂನಿನ ಅಂಜಿಕೆಯೂ ಅತಿಥಿಯ ದಾಕ್ಷಿಣ್ಯವೂ ಬೆರೆತಿವೆ. ಆ ಮೌನವನ್ನು ಕಂಡು ಅವನನ್ನು ಕತಾರ್‌ನ ದೊಡ್ಡ ಅಭಿಮಾನಿ ಎನ್ನುವುದು, ತನ್ನೂರಿನ ಹಬ್ಬವನ್ನು ನಕ್ಕಾಗ ಅವನನ್ನು ದೇಶವಿರೋಧಿ ಎನ್ನುವುದು, ಎರಡೂ ಒಂದೇ ತಪ್ಪು ಲೆಕ್ಕ.

ಈ ತಪ್ಪು ಲೆಕ್ಕ ತವರಿನಲ್ಲಿ ಈಚೆಗೆ ಹೆಚ್ಚಾಗಿದೆ. 2021ರ ನವೆಂಬರ್‌ನಲ್ಲಿ ಹಾಸ್ಯಗಾರ ವೀರ್ ದಾಸ್ ವಾಷಿಂಗ್ಟನ್ನಿನ ಕೆನಡಿ ಸೆಂಟರ್‌ನಲ್ಲಿ ತಾನು ಎರಡು ಭಾರತಗಳಿಂದ ಬಂದವನು ಎಂದಾಗ ದೂರುಗಳು ದಾಖಲಾದವು. ಮರುವರ್ಷದ ನವೆಂಬರ್ 10ರಂದು ಮಲ್ಲೇಶ್ವರದ ಚೌಡಯ್ಯ ಸ್ಮಾರಕ ಭವನದಲ್ಲಿ ನಡೆಯಬೇಕಿದ್ದ ಅವರ ಪ್ರದರ್ಶನ ಸಂಘಟನೆಯೊಂದರ ವಿರೋಧದ ಬೆನ್ನಲ್ಲೇ ರದ್ದಾಯಿತು. ಅದಕ್ಕೂ ಮೊದಲು, 2021ರ ನವೆಂಬರ್ 28ರಂದು ಇನ್ನೊಬ್ಬ ಹಾಸ್ಯಗಾರ ಮುನಾವರ್ ಫಾರೂಕಿಯ ಬೆಂಗಳೂರು ಕಾರ್ಯಕ್ರಮಕ್ಕೆ ಪೊಲೀಸರೇ ಅಡ್ಡ ನಿಂತಿದ್ದರು. ವೀರ್ ದಾಸ್ ಮೇಲಿನ ಆರೋಪದ ಒಂದು ಎಳೆ ಗಲ್ಫ್ ಕನ್ನಡಿಗರಿಗೆ ಚೆನ್ನಾಗಿ ಪರಿಚಿತ: ಹೇಳಿದ್ದು ಸರಿಯೇ ಇರಬಹುದು, ಪರದೇಶದಲ್ಲಿ ಏಕೆ ಹೇಳಬೇಕಿತ್ತು? ಮನೆಯ ಮಾತು ಬೀದಿಗೆ ಬಾರದಿರಲಿ ಎಂಬ ಈ ಕಾಳಜಿ ಮರ್ಯಾದೆಗೆ ಸೇರಿದ್ದು. ಅದಕ್ಕೂ ಬೆಲೆ ಉಂಟು. ದೇಶನಿಷ್ಠೆ ಎಂದು ಅದಕ್ಕೆ ಹೆಸರಿಟ್ಟ ಕೂಡಲೇ ಬೈಗುಳ ಮೊಕದ್ದಮೆಯಾಗುತ್ತದೆ.

ಭಾರತದ ಕಾನೂನು ಈ ವಿಚಾರದಲ್ಲಿ ಜನರ ಸಿಟ್ಟಿಗಿಂತ ಸಂಯಮಿ. ರಾಷ್ಟ್ರೀಯ ಗೌರವಕ್ಕೆ ಅವಮಾನ ತಡೆಯುವ 1971ರ ಕಾಯ್ದೆ ಧ್ವಜವನ್ನು, ಸಂವಿಧಾನವನ್ನು, ರಾಷ್ಟ್ರಗೀತೆಯನ್ನು ಕಾಯುತ್ತದೆ. ದಿನಗಳನ್ನು ಗೇಲಿ ಮಾಡುವುದನ್ನು ಅಪರಾಧವೆನ್ನುವುದಿಲ್ಲ. ಕಾನೂನಿನ ಮಾರ್ಗದಲ್ಲಿ ಬದಲಾವಣೆ ಬಯಸಿ ಮಾಡುವ ಟೀಕೆ ಅಪರಾಧವಲ್ಲ ಎಂದು ಅದೇ ಕಾಯ್ದೆ ವಿವರಣೆಯಲ್ಲಿ ಹೇಳುತ್ತದೆ. 2025ರ ಮಾರ್ಚ್‌ನಲ್ಲಿ ಕವಿ ಇಮ್ರಾನ್ ಪ್ರತಾಪಗಢಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನವರ ಅಳತೆಯಲ್ಲಿ ನೋಡಬೇಕು, ಎಲ್ಲದರಲ್ಲೂ ಅಪಾಯ ಕಾಣುವ ಅಳ್ಳೆದೆಯವರ ಅಳತೆಯಲ್ಲಲ್ಲ ಎಂಬ ಹಳೆಯ ಸೂತ್ರವನ್ನು ಮತ್ತೆ ಎತ್ತಿ ಹೇಳಿತು.

ಎಲ್ಲ ಗೇಲಿಯೂ ಒಳಗಿನವನ ಪ್ರೀತಿಯಿಂದಲೇ ಬರುತ್ತದೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಹಬ್ಬದ ನೆಪದಲ್ಲಿ ದುರ್ಬಲರನ್ನು ತುಳಿಯುವ ನಗು ಇದೆ, ದಕ್ಷಿಣ ಏಷ್ಯಾದ ಆಳುಮಗನನ್ನು ಪೆದ್ದನನ್ನಾಗಿಸಿದ ಗಲ್ಫ್ ಹಾಸ್ಯ ನಮಗೆ ಹೊಸದಲ್ಲ. ಆದರೆ ಅದನ್ನು ಖಂಡಿಸಲು ದೇಶಪ್ರೇಮದ ಮೊರೆ ಹೋಗಬೇಕಿಲ್ಲ, ಕ್ರೌರ್ಯವನ್ನು ಕ್ರೌರ್ಯವೆಂದರೆ ಸಾಕು. ಅದಕ್ಕೆ ವಿರುದ್ಧವಾಗಿ, ಎಲ್ಲರಿಗಿಂತ ಹತ್ತಿರದಿಂದ ಹಬ್ಬವನ್ನು ಪ್ರಶ್ನಿಸಿದವರು ಹುಬ್ಬಳ್ಳಿಯ ಬೆಂಗೇರಿಯಲ್ಲಿದ್ದಾರೆ. ಪ್ರಮಾಣೀಕೃತ ರಾಷ್ಟ್ರಧ್ವಜ ತಯಾರಿಸುವ ಅಲ್ಲಿನ ಖಾದಿ ಸಂಘ, 2021ರ ಕೊನೆಯಲ್ಲಿ ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಾಗ ಪ್ರತಿಭಟನೆಗಿಳಿಯಿತು. ಮನೆಮನೆಯಲ್ಲಿ ಬಾವುಟ ಹಾರಿಸುವ 2022ರ ಅಭಿಯಾನದ ನಡುವೆ ಬಾವುಟ ತಯಾರಿಸುವವರೇ ಮುನಿಸಿಕೊಂಡಿದ್ದರು. ಆ ಮುನಿಸನ್ನು ದೇಶದ್ರೋಹ ಎನ್ನಲು ಯಾರಿಗೂ ನಾಲಿಗೆ ಬರಲಿಲ್ಲ.

ಪಾಲಿದ್ದವನೇ ಗೇಲಿ ಮಾಡುತ್ತಾನೆ ಎಂಬ ಈ ವಾದಕ್ಕೆ ಕಠಿಣ ಪರೀಕ್ಷೆ ಒಡ್ಡುವವರು ದೋಹಾದಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳು. ಅಲ್ಲಿನ ಭಾರತೀಯ ಶಾಲೆಗಳಲ್ಲಿ ಡಿಸೆಂಬರ್ 18 ದೊಡ್ಡ ಹಬ್ಬ. ಮಕ್ಕಳು ಅರಬ್ಬಿ ಉಡುಪು ತೊಟ್ಟು ಅರ್ದಾ ಕುಣಿಯುತ್ತಾರೆ. ಅವರ ನೆನಪಿನಲ್ಲಿ ಆಗಸ್ಟ್ 15ಕ್ಕಿಂತ ಈ ದಿನವೇ ಗಾಢವಾಗಿ ಕೂತಿರಬಹುದು. ಹಬ್ಬದ ಅತಿರೇಕಗಳನ್ನು, ಬಾವುಟದ ಬಣ್ಣ ಬಳಿದುಕೊಂಡು ಮೆರೆಯುವ ಕಾರುಗಳನ್ನು ಒಳಗಿನವರ ಸಲಿಗೆಯಿಂದ ನೋಡಿ ನಗಬಲ್ಲವರೂ ಅವರೇ. ಆದರೆ 2005ರ ಪೌರತ್ವ ಕಾನೂನಿನಂತೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವುದಿಲ್ಲ. ಅರ್ಜಿ ಹಾಕಬೇಕಾದರೂ 25 ವರ್ಷದ ವಾಸ ಬೇಕು, ಹಾಗೆ ಪೌರತ್ವ ಪಡೆಯುವವರು ವರ್ಷಕ್ಕೆ 50 ಜನರನ್ನು ಮೀರುವಂತಿಲ್ಲ. 2018ರ ಕಾಯಂ ವಾಸದ ಕಾನೂನಿನಲ್ಲೂ ವರ್ಷಕ್ಕೆ ನೂರರ ಮಿತಿ ಇದೆ. ಮನಸ್ಸಿನಲ್ಲಿ ಪಾಲುದಾರರು, ಕಾಗದದಲ್ಲಿ ಅತಿಥಿಗಳು. ಅವರಲ್ಲೊಬ್ಬರು ಮುಂದೆ ವೇದಿಕೆ ಹತ್ತಿ ಡಿಸೆಂಬರ್ 18ರ ಬಗ್ಗೆ ಜೋಕು ಹೇಳಿದರೆ ಅದನ್ನು ನಾಗರಿಕನ ಟೀಕೆಯೆಂದು ಕೇಳಬೇಕೇ, ಪರಕೀಯನ ಅವಮಾನವೆಂದು ಕೇಳಬೇಕೇ ಎಂಬುದಕ್ಕೆ ಕತಾರ್‌ನ ಕಾನೂನಿನಲ್ಲೂ ನಮ್ಮ ದೇಶಪ್ರೇಮದ ಚರ್ಚೆಯಲ್ಲೂ ಇಲ್ಲಿಯತನಕ ಜಾಗವಿಲ್ಲ.